ದೊಡ್ಡವ್ವ ತೊಳೆದು ತಂದ ಚೀಲ

ನಾನು ಚಿಕ್ಕವನಿದ್ದಾಗ ನಡೆದ ಒಂದು ಸಂಗತಿಯನ್ನು ನಮ್ಮ ಮನೆಯವರೆಲ್ಲ ಇವತ್ತಿಗೂ ತಪ್ಪಾಗಿಯೇ ಹೇಳುತ್ತಾರೆ. ಪಂಚಮಿ ಹಬ್ಬಕ್ಕೆ ನೆಂಟರು ಕೂಡಿದರೆ ಸಾಕು, ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. "ಪಾಪ, ದೊಡ್ಡವ್ವಗ ಪ್ಲಾಸ್ಟಿಕ್ ಅಂದ್ರ ಏನಂತನ ಗೊತ್ತಿರಲಿಲ್ಲ. ಬಿಸಾಕೂ ಚೀಲಾನ ತೊಳದು, ಒಣಗಿಸಿ, ವಾಪಸ್ ತಂದಿದ್ಲು!" ಎಲ್ಲರೂ ನಗುತ್ತಾರೆ. ಆಮೇಲೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಆಗಿನ ಮಂದಿ ಅಷ್ಟು ಮುಗ್ಧ ಇದ್ರು, ಅದಕ್ಕ ಊರು ಸ್ವಚ್ಛ ಇತ್ತು" ಎಂದು ಮಕ್ಕಳ ಕಡೆ ನೋಡುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಊರು ಸ್ವಚ್ಛ ಇತ್ತು ಎಂಬುದನ್ನೇ ಪೂರ್ತಿ ಒಪ್ಪುವುದಿಲ್ಲ. ನಮ್ಮ ಓಣಿಯ ಬಚ್ಚಲ ನೀರೆಲ್ಲ ನಡು ರಸ್ತೆಯಲ್ಲೇ ಹರಿಯುತ್ತಿತ್ತು, ಅದನ್ನು ದಾಟಲು ನಾವು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿದ್ದೆವು. ಇನ್ನು ದೊಡ್ಡವ್ವ ಏನೂ ತಿಳಿಯದವಳು ಎಂಬ ಮಾತನ್ನಂತೂ ಒಪ್ಪುವುದೇ ಇಲ್ಲ. ನನ್ನ ಬಳಿ ಆಧಾರ ಇದೆ.

ಆಧಾರ ಎಂಬ ಶಬ್ದ ನನ್ನ ಬಾಯಿಗೆ ಅಂಟಿಕೊಂಡದ್ದು ಶಾಲೆಯಲ್ಲಿ. ನಮ್ಮ ಮಾಸ್ತರು ಶನಿವಾರ ಚರ್ಚಾಸ್ಪರ್ಧೆ ಮಾಡಿಸುತ್ತಿದ್ದರು. 'ವಿಜ್ಞಾನ ವರವೋ ಶಾಪವೋ' ಎಂದು ಒಂದು ವಾರ ವರದ ಪರವಾಗಿ ಮಾತಾಡಿಸುತ್ತಿದ್ದರು, ಮುಂದಿನ ವಾರ ಅದೇ ಹುಡುಗನನ್ನು ಶಾಪದ ಪರವಾಗಿ ನಿಲ್ಲಿಸುತ್ತಿದ್ದರು. ಎರಡೂ ಕಡೆ ಗೆದ್ದು ಗೆದ್ದು ನಾನು ಮನೆಯಲ್ಲಿ ತಲೆನೋವಾಗಿಬಿಟ್ಟಿದ್ದೆ. ಅವ್ವ "ಹೊರಗ ಮಳಿ ಬರಾಕತ್ತೈತಿ, ಅರಿವಿ ತಗೊಂಡ್ಬಾ" ಎಂದರೆ ನಾನು "ಅದಕ್ಕ ಆಧಾರ ಏನು?" ಎನ್ನುತ್ತಿದ್ದೆ. ಅವ್ವ ನನ್ನ ಕಿವಿ ಹಿಡಿದು ತಲೆಯನ್ನು ಸೂರಿನ ನೀರಿನ ಕೆಳಗೆ ಒಡ್ಡುತ್ತಿದ್ದಳು. "ಇದ ನೋಡಪಾ ಆಧಾರ!"

ನಮ್ಮದು ಗುಳೇದಗುಡ್ಡ. ಕುಪ್ಪಸದ ಖಣ ನೇಯುವ ಊರು. ಮನೆಯೊಳಗೆ ಕಾಲಿಟ್ಟರೆ ಮೊದಲು ಕಾಣುವುದೇ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಕೂತಿರುತ್ತಿದ್ದ. ಲಾಳಿ ಅತ್ತಿಂದಿತ್ತ ಓಡುವ ಸಪ್ಪಳ ಬೆಳಗಿನಿಂದ ಸಂಜೆಯವರೆಗೆ ಮನೆಯ ಗೋಡೆಗಳಲ್ಲೇ ಇರುತ್ತಿತ್ತು. ಆ ಸಪ್ಪಳ ನಿಂತಾಗಲೇ ಅದು ನಮ್ಮ ಗಮನಕ್ಕೆ ಬರುತ್ತಿತ್ತು. ಗೋಡೆಯಾಚೆ ಇನ್ನೊಂದು ಮಗ್ಗ, ಅದು ದೊಡ್ಡಪ್ಪನದು. ಮೊದಲು ಎರಡೂ ಒಂದೇ ಪಡಸಾಲೆಯಲ್ಲಿದ್ದವು. ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತು. ಆ ಗೋಡೆ ಒಂದು ಗೇಣು ಈ ಕಡೆ ಸರಿಯಿತೆಂದು ಅಪ್ಪ ಅಂದ, ಸರಿದಿಲ್ಲವೆಂದು ದೊಡ್ಡಪ್ಪ ಅಂದ. ಅಷ್ಟೇ. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಮಗ್ಗಗಳು ಮಾತ್ರ ಗೋಡೆಯ ಎರಡೂ ಬದಿ ಒಂದಕ್ಕೊಂದು ಉತ್ತರ ಕೊಡುವಂತೆ ಬಡಿದುಕೊಳ್ಳುತ್ತಿದ್ದವು.

ಈ ಜಗಳದಲ್ಲಿ ಎಲ್ಲರಿಗಿಂತ ಸೊರಗಿದವಳು ಅಕ್ಕ. ಅವಳನ್ನು ಎತ್ತಿ ಆಡಿಸಿದ್ದು ದೊಡ್ಡವ್ವ, ತಲೆ ಬಾಚಿದ್ದು ದೊಡ್ಡವ್ವ, ಸೀರೆ ಉಡಲು ಕಲಿಸಿದ್ದೂ ಅವಳೇ. ಆ ವರ್ಷ ಅಕ್ಕನ ಮದುವೆ ಇಳಕಲ್ಲಿನ ಹುಡುಗನ ಜೊತೆ ಗೊತ್ತಾಗಿತ್ತು. ದೀಪಾವಳಿ ಕಳೆದರೆ ಅವಳು ಹೊರಟುಬಿಡುತ್ತಿದ್ದಳು. ಅದರೊಳಗೆ ದೊಡ್ಡವ್ವ ಒಮ್ಮೆಯಾದರೂ ನಮ್ಮ ಹೊಸ್ತಿಲು ದಾಟಿ ಬರಬೇಕು, ಅವಳಿಲ್ಲದೆ ತಾನು ಅರಿಶಿನ ಹಚ್ಚಿಸಿಕೊಳ್ಳುವುದಿಲ್ಲ ಎಂದು ಅಕ್ಕ ಅವ್ವನ ಮುಂದೆ ಅತ್ತಿದ್ದಳು. ಅಪ್ಪನ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು. ಜಿಟಿಜಿಟಿ ಮಳೆ, ಒಣಗದ ಬಟ್ಟೆಯ ಮುಗ್ಗಲು ವಾಸನೆ, ಒಲೆಯ ಹೊಗೆ. ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಅವತ್ತು ಓಣಿಯಲ್ಲಿ ಯಾವ ಮನೆಯ ಮುಂದೆ ಹಾದರೂ ರೊಟ್ಟಿ ಬಡಿಯುವ ಸಪ್ಪಳ. ಅವ್ವ ಮತ್ತು ಅಕ್ಕ ಹಲವು ದಿನ ಮೊದಲೇ ಜೋಳದ ರೊಟ್ಟಿ ಮಾಡಿ, ಒಣಗಿಸಿ, ಕಟಕಟ ಎನ್ನುವಂತೆ ಮಾಡಿ ಬುಟ್ಟಿಯಲ್ಲಿ ಬಿಳಿ ಅರಿವೆ ಮುಚ್ಚಿಟ್ಟಿದ್ದರು. ಹಬ್ಬದ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಿಸಿಬಿಸಿ ಆಗುತ್ತಿದ್ದವು. ಮಡಕೆ ಕಾಳಿನ ಪಲ್ಯ, ಎಣ್ಣೆಗಾಯಿ, ಅಗಸೆ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಇವನ್ನೆಲ್ಲ ತಾಟಿನಲ್ಲಿ ಜೋಡಿಸಿ, ಮೇಲೆ ಅರಿವೆ ಮುಚ್ಚಿ, ಓಣಿಯ ಮನೆಮನೆಗೆ ಬೀರುವುದು ನಮ್ಮ ಪದ್ಧತಿ. ಎದುರು ಮನೆಯ ಚಾಚಿಗೂ ಒಂದು ತಾಟು, ಮೂಲೆಮನೆಗೂ ಒಂದು ತಾಟು. ಅವರ ಮನೆಯಿಂದ ನಮ್ಮ ತಾಟು ತಿರುಗಿ ಬರುವಾಗ ಖಾಲಿ ಬರುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಶೇಂಗಾ ಆದರೂ ಅದರಲ್ಲಿರಬೇಕು. ಹೀಗೆ ಸಂಜೆಯತನಕ ತಾಟುಗಳು ಓಣಿಯಲ್ಲಿ ತಿರುಗಾಡುತ್ತಿದ್ದವು. ಯಾವ ತಾಟು ಯಾರದೆಂದು ತಿಳಿಯಲು ಅಂಚಿನಲ್ಲಿ ಹೆಸರು ಕೊರೆಸಿರುತ್ತಿದ್ದರು.

ಸಮಸ್ಯೆ ಬಂದದ್ದು ದೊಡ್ಡಪ್ಪನ ಮನೆಯ ತಾಟಿಗೆ. ಗೋಡೆಗೆ ಗೋಡೆ ಹತ್ತಿದ ಮನೆಯನ್ನು ರೊಟ್ಟಿ ಹಬ್ಬದಲ್ಲಿ ಬಿಟ್ಟರೆ ಓಣಿಯೇ ಉಗಿಯುತ್ತದೆ. ಕಳಿಸಿದರೆ ತಾಟು ತಿರುಗಿ ಕೊಡಲು ಅಲ್ಲಿಂದ ಯಾರಾದರೂ ಬರುತ್ತಾರೆ, ಬಂದವರನ್ನು ಮಾತಾಡಿಸಬೇಕು. ಅಕ್ಕನ ಆಸೆ ಇದ್ದದ್ದೇ ಅಲ್ಲಿ. ಅವಳು ಬೆಳಿಗ್ಗೆಯೇ ಎಲ್ಲಕ್ಕಿಂತ ದೊಡ್ಡ ತಾಟನ್ನು ಹುಣಸೆಹಣ್ಣಿನಿಂದ ಉಜ್ಜಿ ಹೊಳೆಯುವಂತೆ ಮಾಡಿ ಇಟ್ಟಿದ್ದಳು.

ಅಪ್ಪ ಮಗ್ಗದಿಂದ ಎದ್ದು ಬಂದು ಆ ತಾಟನ್ನು ನೋಡಿದ. ಹಾಸಿಗೆಯ ಕೆಳಗೆ ಕೈ ಹಾಕಿ ಒಂದು ಚೀಲ ತೆಗೆದ.

ಆ ಚೀಲದ ಬಗ್ಗೆ ನಿಮಗೆ ಹೇಳಲೇಬೇಕು. ಹಿಂದಿನ ವಾರ ಅಪ್ಪ ಬಾಗಲಕೋಟೆಗೆ ನೂಲು ತರಲು ಹೋದಾಗ ಅಂಗಡಿಯವರು ಅದನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಕೊಟ್ಟಿದ್ದರು. ನಮ್ಮ ಮನೆಗೆ ಬಂದ ಮೊದಲ ಪ್ಲಾಸ್ಟಿಕ್ ಚೀಲಗಳು ಅವು. ಹಾಲಿನಂಥ ಬಿಳುಪು, ಮೇಲೆ ಕೆಂಪು ಗುಲಾಬಿ. ಮುಟ್ಟಿದರೆ ಚರಚರ ಎನ್ನುತ್ತಿದ್ದವು. ಅಕ್ಕ ಒಂದನ್ನು ಬೆಳಕಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿದಳು. ಅವ್ವ ಮೂಗಿಗೆ ಹಿಡಿದು, "ಹೊಸಾ ಚಪ್ಪಲಿ ವಾಸ್ನಿ ಬರ್ತೈತಿ" ಎಂದಳು, ಆದರೂ ಮಡಚಿ ಹಾಸಿಗೆಯ ಕೆಳಗೆ ಇಟ್ಟಳು. ನಮ್ಮ ಕಾಲದವರು ಪ್ಲಾಸ್ಟಿಕ್ಕನ್ನು ದೂರ ಇಟ್ಟಿದ್ದರು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ನಾವು ಅದನ್ನು ರೇಷ್ಮೆಯಂತೆ ಕಂಡೆವು.

"ಅವರ ಮನಿ ರೊಟ್ಟಿ ಇದರಾಗ ಹಾಕಿ ಕಳಿಸ್ರಿ" ಅಂದ ಅಪ್ಪ.

ಅವ್ವ ಹೌಹಾರಿದಳು. "ಅಯ್ಯ, ಇಷ್ಟು ಚಂದದ ಚೀಲ ಕೊಟ್ಟು ಕಳಸೂದಾ?"

"ಅದು ಇಟ್ಕೊಳ್ಳೂ ವಸ್ತು ಅಲ್ಲ. ಒಮ್ಮೆ ಬಳಸಿ ತಿಪ್ಪಿಗೆ ಹಾಕೂದು. ಅಂಗಡಿಯವ್ರ ಹೇಳ್ಯಾರ. ವಾಪಸ್ ಕೊಡೂ ಹಂಗಿಲ್ಲ, ಯಾರೂ ಬರೂ ಹಂಗಿಲ್ಲ. ನಮ್ಮ ಕೆಲಸ ಮುಗೀತು."

ಅಕ್ಕನ ಮುಖ ನೋಡಬೇಕಿತ್ತು ನೀವು. "ಬಿಸಿ ರೊಟ್ಟಿ ಅದರಾಗ ಬೆವರ್ತಾವಪಾ, ತಾಟಿನ್ಯಾಗ ಕಳಸೂಣು" ಎಂದಳು. ಅಪ್ಪನಿಗೆ ಅದು ಕೇಳಿಸಲೇ ಇಲ್ಲ, ಅಥವಾ ಕೇಳಿಸದಂತೆ ಅವನು ಮಗ್ಗಕ್ಕೆ ಇಳಿದ. ಅಕ್ಕ ಉಜ್ಜಿಟ್ಟ ತಾಟನ್ನು ಗೋಡೆಗೆ ಆನಿಸಿ ಒಳಗೆ ಹೋದಳು. ಅವ್ವ ನಿಟ್ಟುಸಿರು ಬಿಟ್ಟು ಸಜ್ಜೆ ರೊಟ್ಟಿಗಳನ್ನು ಚೀಲಕ್ಕೆ ಹಾಕಿ, ಚಟ್ನಿಗಳನ್ನು ಎಲೆಯಲ್ಲಿ ಕಟ್ಟಿ ಒಳಗಿಟ್ಟು ನನ್ನ ಕೈಗೆ ಕೊಟ್ಟಳು. ಅಪ್ಪ ಮಗ್ಗದ ಕುಣಿಯಿಂದಲೇ ಕೂಗಿದ: "ಚೀಲ ವಾಪಸ್ ಬ್ಯಾಡ ಅಂತ ಬರೋಬ್ಬರಿ ಹೇಳಿ ಬಾ!"

ನನ್ನ ಆಧಾರ ಇಲ್ಲಿಂದ ಶುರುವಾಗುತ್ತದೆ, ಗಮನವಿಟ್ಟು ಕೇಳಿ.

ನಾನು ಗೋಡೆಯ ಆಚೆಯ ಬಾಗಿಲಿಗೆ ಹೋದೆ. ದೊಡ್ಡವ್ವ ಒಲೆಯ ಮುಂದೆ ಕೂತು ಎಳ್ಳು ಹುರಿಯುತ್ತಿದ್ದಳು. ಬೆಲ್ಲದ ಪಾಕದ ವಾಸನೆ ಮನೆ ತುಂಬಿತ್ತು. ನನ್ನನ್ನು ನೋಡಿದವಳೇ ಬಾಣಲೆ ಇಳಿಸಿ, ಹೊಗೆಯಿಂದಲೋ ಏನೋ ಕಣ್ಣು ಒರೆಸಿಕೊಂಡಳು. "ಬಾರೋ ನನ್ನ ವಕೀಲಾ, ಎಷ್ಟು ದಿನಾ ಆತು" ಅಂದಳು. ನಾನು ಚೀಲ ಚಾಚಿ, ಚರ್ಚಾಸ್ಪರ್ಧೆಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತು, ಒಂದು ಅಕ್ಷರ ಬಿಡದೆ ಒಪ್ಪಿಸಿದೆ. "ಇದು ಪ್ಲಾಸ್ಟಿಕ್ ಚೀಲ. ಒಮ್ಮೆ ಬಳಸಿ ತಿಪ್ಪಿಗೆ ಹಾಕೂದು. ವಾಪಸ್ ಕೊಡೂದು ಬ್ಯಾಡ."

"ಯಾರ್ ಹೇಳಿದ್ರು?"

"ಅಪ್ಪ."

"ಹಂಗಂದನೇನು" ಎಂದಳು ದೊಡ್ಡವ್ವ. ಚೀಲದ ಮೇಲಿನ ಗುಲಾಬಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. "ಮತ್ತೊಮ್ಮೆ ಹೇಳು?" ಎಂದಳು. ನಾನು ಮತ್ತೊಮ್ಮೆ, ಇನ್ನೂ ಜೋರಾಗಿ ಹೇಳಿದೆ. ಅವಳ ಮಗ ಬಾಗಲಕೋಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಎಂಬುದನ್ನೂ ನೀವು ನೆನಪಿನಲ್ಲಿಡಬೇಕು. ಅಂಥ ಚೀಲವನ್ನು ಅವಳು ನೋಡಿಯೇ ಇರಲಿಲ್ಲವೆಂದು ಯಾವ ಪಂಚರ ಮುಂದೆ ವಾದ ಮಾಡಿದರೂ ನಿಲ್ಲುವುದಿಲ್ಲ.

ಸಂಜೆಯಾಯಿತು. ಓಣಿಯ ತಾಟುಗಳೆಲ್ಲ ಒಂದೊಂದಾಗಿ ಮನೆಗೆ ಬಂದವು. ಚಾಚಿ ನಮ್ಮ ತಾಟಿನಲ್ಲಿ ತಮ್ಮ ಮನೆಯ ಶಾವಿಗೆ ಹಾಕಿ ಕಳಿಸಿದ್ದರು. ಅವ್ವ ಒಂದೊಂದನ್ನೂ ಮೂಸಿ, "ಇವರ ಖಾರ ಈ ಸಲ ಜೋರ್ ಐತಿ" ಎಂದು ತೀರ್ಪು ಕೊಡುತ್ತಿದ್ದಳು. ಅಕ್ಕ ಮಾತ್ರ ಬಾಗಿಲ ಕಟ್ಟೆಯ ಮೇಲೆ ಕೂತು ಗೋಡೆಯಾಚೆಯ ಬಾಗಿಲನ್ನೇ ನೋಡುತ್ತಿದ್ದಳು. ಅತ್ತ ಕಡೆಯಿಂದ ಯಾರೂ ಬರಲಿಲ್ಲ. ಬರಲು ಕಾರಣವೇ ಇರಲಿಲ್ಲವಲ್ಲ. ಅಪ್ಪನ ಉಪಾಯ ಸರಿಯಾಗಿಯೇ ಕೆಲಸ ಮಾಡಿತ್ತು. ಅಕ್ಕ ರೊಟ್ಟಿ ಮುರಿದು ಬಾಯಿಗಿಡದೆ ತಾಟಿನಲ್ಲೇ ಪುಡಿ ಮಾಡುತ್ತಾ ಕೂತಳು. ಆ ದಿನ ಮೊದಲ ಸಲ ನನಗೆ ವಾದ ಮಾಡಬೇಕೆನ್ನಿಸಲಿಲ್ಲ.

ಮರುದಿನ ಹಾಲೆರೆದು ಬಂದು ನಾವು ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟುತ್ತಿದ್ದೆವು. ಅಪ್ಪ ಅರ್ಧ ನೇಯ್ದ ಖಣದ ಮುಂದೆ ಕೂತಿದ್ದ. ಪಂಚಮಿಯ ದಿನ ನೇಯುತ್ತಿರಲಿಲ್ಲ, ಆದರೂ ಸಿಟ್ಟು ಬಂದರೆ ಅವನು ಹೋಗಿ ಕೂರುವುದು ಅಲ್ಲೇ. ಆಗ ಬಾಗಿಲಲ್ಲಿ ಯಾರೋ ನಿಂತಂತಾಗಿ ಬೆಳಕು ಮಂಕಾಯಿತು.

ದೊಡ್ಡವ್ವ. ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದಿದ್ದಳು. ಕೈಯಲ್ಲಿ ಅದೇ ಗುಲಾಬಿಯ ಚೀಲ. ತೊಳೆದು, ಒಳಗನ್ನು ಹೊರಗು ಮಾಡಿ ಒಣಗಿಸಿ, ಮತ್ತೆ ಸರಿಯಾಗಿ ತಿರುಗಿಸಿದ್ದಳು. ಒಂದು ಎಳ್ಳಿನ ಕಾಳೂ ಅಂಟಿಕೊಂಡಿರಲಿಲ್ಲ. ಒಳಗೆ ಎಳ್ಳುಂಡೆ, ಶೇಂಗಾ ಉಂಡೆ, ಗುಳ್ಳಡಕಿ ಉಂಡೆ ತುಂಬಿಕೊಂಡು ಚೀಲ ಗುಡಾಣದಂತಾಗಿತ್ತು.

ಅಪ್ಪ ಎದ್ದು ನಿಂತ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎಂದು ಕರೆಯುತ್ತಾರೆ. ವರ್ಷದ ಮೇಲೆ ಆ ಶಬ್ದ ಅವನ ಬಾಯಿಂದ ಬಂತು.

"ಅದು ವಾಪಸ್ ಕೊಡೂ ಚೀಲ ಅಲ್ರಿ, ವೈನಿ."

"ಹೌದಾ?" ದೊಡ್ಡವ್ವ ಕಣ್ಣು ಅಗಲ ಮಾಡಿದಳು. "ನನಗೇನ್ ಗೊತ್ತಪಾ ಇವೆಲ್ಲಾ, ಓದು ಬಾರದಾಕಿ. ಮಂದಿ ಮನಿ ಸಾಮಾನು ನನ್ನ ಮನ್ಯಾಗ ಇಟ್ಕೊಂಡು ಕುಂದರಾಕ ಬರ್ತೈತೇನು? ಖಾಲಿ ಕೊಡಾಕಂತೂ ಬರಂಗಿಲ್ಲ. ಅಂದಂಗ, ನಿನ್ನ ಚೀಲದಾಗ ರೊಟ್ಟಿ ಬೆವತು ಚಪಾತಿ ಆಗಿದ್ವು. ನಿಮ್ಮಣ್ಣ ತಿನ್ನೂ ಮುಂದ ಏನಂದ ಗೊತ್ತೈತೇನು? ನನ್ನ ತಮ್ಮ ಈಗ ಹಲ್ಲಿಲ್ಲದ ಮುದುಕರಿಗೂ ರೊಟ್ಟಿ ಮಾಡಸಾಕತ್ತಾನ ಅಂದ."

ಅಪ್ಪನ ಮೀಸೆಯ ತುದಿ ಅಲುಗಿತು. ನನಗೆ ಮಾತ್ರ ತಡೆಯಲಾಗಲಿಲ್ಲ. ಸುಳ್ಳು! ನಾನು ಎರಡೆರಡು ಸಲ ಹೇಳಿದ್ದೆ! ಇಂಥ ಸ್ಪಷ್ಟ ಆಧಾರವನ್ನು ಬಚ್ಚಿಟ್ಟುಕೊಳ್ಳುವುದು ಯಾವ ವಾದಿಗೂ ಸಾಧ್ಯವಿಲ್ಲ. ನಾನು ಮುಂದೆ ನುಗ್ಗಿ, "ದೊಡ್ಡವ್ವಾ, ನಾ ನಿನಗ..." ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ದೊಡ್ಡವ್ವ ಒಂದು ಇಡೀ ಶೇಂಗಾ ಉಂಡೆ ತುರುಕಿದಳು. "ತಿನ್ನಪಾ ನನ್ನ ವಕೀಲಾ, ತಿನ್ನು" ಎಂದು ಗಲ್ಲ ಹಿಡಿದು ಬಾಯಿ ಮುಚ್ಚಿಸಿದಳು. ಬೆಲ್ಲದ ಪಾಕ ಹಲ್ಲಿಗೆ ಹಲ್ಲು ಅಂಟಿಸಿಬಿಟ್ಟಿತು. ನನ್ನ ಆಧಾರ ಶೇಂಗಾದ ಜೊತೆ ಗಂಟಲಿಗಿಳಿಯಿತು.

ಅಷ್ಟರಲ್ಲಿ ಅಕ್ಕ ಜೋಕಾಲಿಯ ಹಗ್ಗ ಬಿಟ್ಟು ಓಡಿಬಂದು ದೊಡ್ಡವ್ವನ ಸೆರಗು ಹಿಡಿದುಕೊಂಡಳು. ಇಪ್ಪತ್ತರ ಆಸುಪಾಸಿನ ಹುಡುಗಿ ಸಣ್ಣ ಮಗುವಿನಂತೆ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಅದನ್ನು ನೋಡಿದ. ಚೀಲವನ್ನು ತಗೊಂಡ. ಉಂಡೆಗಳನ್ನು ಬುಟ್ಟಿಗೆ ಸುರುವಿ, ಖಾಲಿ ಚೀಲ ಕೊಡವಿ ಅದರ ಹಿಡಿಕೆ ಸರಿಮಾಡಿದ. ಆಮೇಲೆ ಅವ್ವನ ಕಡೆ ತಿರುಗಿ ಒರಟಾಗಿಯೇ ಅಂದ: "ಏನ್ ನೋಡ್ಕೋತ ನಿಂತಿ? ಖಾಲಿ ಹೆಂಗ ಕಳಸ್ತಿ? ಖಡಕ್ ರೊಟ್ಟಿ ಹಾಕು, ಬೆವರಂಗಿಲ್ಲ ಅವು."

ಅಲ್ಲಿಂದ ಆ ಚೀಲ ಎರಡು ಮನೆಯ ನಡುವೆ ತಿರುಗಾಡಿತು. ಬದನೆಕಾಯಿ ಹೋಗಿ ಹುಣಸೆಹಣ್ಣು ಬಂತು, ಕರಿಬೇವು ಹೋಗಿ ನಿಂಬೆಹಣ್ಣು ಬಂತು. ಹಿಡಿಕೆ ಹರಿದಾಗ ಅಕ್ಕ ಖಣದ ತುಂಡು ಹಚ್ಚಿ ಹೊಲಿದಳು. ಗುಲಾಬಿ ಉದುರಿ ಬರೀ ಗುರುತು ಉಳಿಯಿತು. ಅಪ್ಪ ಮತ್ತು ದೊಡ್ಡಪ್ಪ ತಬ್ಬಿಕೊಂಡರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಒಂದು ದಿನ ದೊಡ್ಡಪ್ಪ ಗೋಡೆಯಾಚೆಯಿಂದ "ಮಳಿ ಭಾಳ ಆತು" ಎಂದ. ಅಪ್ಪ ಈ ಕಡೆಯಿಂದ "ಹೂಂ, ಭಾಳ ಆತು" ಎಂದ. ಅಕ್ಕನಿಗೆ ಅರಿಶಿನ ಹಚ್ಚುವಾಗ ಮೊದಲ ಕೈ ದೊಡ್ಡವ್ವನದು.

ಹಾಗೆಂದು ನಮ್ಮನ್ನು ಹೊಗಳಬೇಡಿ. ಕೆಲವೇ ವರ್ಷಗಳಲ್ಲಿ ಚೀಲಗಳು ಪುಕ್ಕಟೆ ಸಿಗತೊಡಗಿದವು. ಆಗ ಅವ್ವನೂ ತೊಳೆಯುವುದನ್ನು ಬಿಟ್ಟಳು, ದೊಡ್ಡವ್ವನೂ ಬಿಟ್ಟಳು. ನಮ್ಮ ಓಣಿಯ ಗಟಾರ ಕಟ್ಟಿಕೊಂಡದ್ದು ಆಗಲೇ, ಮೇಯಲು ಹೋದ ಆಕಳುಗಳ ಹೊಟ್ಟೆ ಉಬ್ಬತೊಡಗಿದ್ದೂ ಆಗಲೇ. ಎಸೆಯುವುದನ್ನು ನಾವೇ ಕಲಿತೆವು, ಕಲಿತದ್ದನ್ನು ನಿಮಗೂ ಕಲಿಸಿದೆವು. ಈಗ ನಿಮ್ಮ ಕೈಗೆ ಬಟ್ಟೆ ಚೀಲ ಕೊಟ್ಟು ಬುದ್ಧಿ ಹೇಳುತ್ತಿದ್ದೇವೆ. ಇದನ್ನು ನೀವು ಪ್ರಶ್ನೆ ಮಾಡಬೇಕು, ಮಾಡಿ.

ನನ್ನ ಮೊಮ್ಮಕ್ಕಳು ಬಾಗಲಕೋಟೆಯ ನವನಗರದಲ್ಲಿ ಬೆಳೆಯುತ್ತಿದ್ದಾರೆ. ಅವರ ಮನೆಯ ಬಾಗಿಲ ಹಿಂದೆ ಮದುವೆ ಮುಂಜಿಗಳಲ್ಲಿ ಕೊಟ್ಟ ಬಟ್ಟೆ ಚೀಲಗಳ ರಾಶಿಯೇ ಇದೆ. ಸಂತೆಗೆ ಹೋಗುವಾಗ ಒಂದೂ ನೆನಪಾಗುವುದಿಲ್ಲ. ರೊಟ್ಟಿ ಅಂಗಡಿಯಿಂದ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬರುತ್ತವೆ. ಈ ಸಲದ ರೊಟ್ಟಿ ಹಬ್ಬಕ್ಕೆ ಮೊಮ್ಮಗಳು ಹಟ ಹಿಡಿದಳು. ಪ್ಲಾಸ್ಟಿಕ್ ಬೇಡವೇ ಬೇಡ ಎಂದು, ಸ್ಟೀಲಿನ ಡಬ್ಬಿಗಳಲ್ಲಿ ರೊಟ್ಟಿ ಪಲ್ಯ ತುಂಬಿ, ಮೇಲಿನ ಮನೆಗೂ ಪಕ್ಕದ ಮನೆಗೂ ತಾನೇ ಕೊಟ್ಟು ಬಂದಳು. ಮರುದಿನ ಡಬ್ಬಿಗಳು ತಿರುಗಿ ಬಂದವು. ಯಾರು ತಂದರೋ ಗೊತ್ತಿಲ್ಲ, ಚೆನ್ನಾಗಿ ತೊಳೆದು ಬಾಗಿಲ ಹೊರಗೆ ಇಟ್ಟು ಹೋಗಿದ್ದರು. ಅವಳು ಒಂದೊಂದರ ಮುಚ್ಚಳ ತೆಗೆದು ನೋಡಿ, "ಎಲ್ಲಾ ಖಾಲಿ ಅದಾವಜ್ಜಾ. ಗಂಟಿನೂ ಬಾರಿಸಿಲ್ಲ" ಎಂದಳು.

ಆ ಭಾನುವಾರವೇ ಮೊಮ್ಮಕ್ಕಳನ್ನು ಕರೆದುಕೊಂಡು ಗುಳೇದಗುಡ್ಡಕ್ಕೆ ಹೋದೆ. ದೊಡ್ಡವ್ವ ಇನ್ನೂ ಇದ್ದಾಳೆ. ತೊಂಬತ್ತರ ಹತ್ತಿರ ಬಂದಿದ್ದಾಳೆ, ಕಿವಿ ಸ್ವಲ್ಪ ಮಂದ, ನಾಲಿಗೆ ಹಾಗೇ ಇದೆ. ಮನೆಯವರು ಎಂದಿನಂತೆ ಅವಳ ಎದುರಿಗೇ ಆ ಕಥೆ ಹೇಳಿ ನಕ್ಕರು. ಅವಳೂ ಏನೂ ತಿಳಿಯದವಳಂತೆ ನಕ್ಕಳು. ನನಗೆ ಈ ಸಲ ಸುಮ್ಮನಿರಲಾಗಲಿಲ್ಲ. ಹತ್ತಿರ ಕೂತು, ಮೊಮ್ಮಕ್ಕಳಿಗೂ ಕೇಳಿಸುವಂತೆ, ಅವಳ ಕಿವಿಯ ಬಳಿ ಕೇಳಿದೆ.

"ದೊಡ್ಡವ್ವಾ, ಅವತ್ತು ನಾ ಎಲ್ಲಾ ಹೇಳಿಬಿಟ್ಟಿದ್ರ, ನೀ ಅಪ್ಪನ ಮುಂದ ಏನಂತ ಹೇಳಿ ನಮ್ಮ ಮನಿಯೊಳಗ ಬರ್ತಿದ್ದಿ?"